ಮುಂಬಯಿಯ ಮೀನೂಟ

ಮುಂಬಯಿಯಲ್ಲಿ ಒಳ್ಳೆಯ ಮೀನೂಟ ಎಲ್ಲಿ ಸಿಗುತ್ತದೆ? ಆ ಊರಿಗೆ ಹೊರಟವರು ನನ್ನನ್ನು ಹಲವು ಬಾರಿ ಕೇಳಿದ್ದಾರೆ. ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ಕೆಲವರಿಗೆ ಅನ್ನಿಸೀತು. ನನಗೆ ಮಾತ್ರ ಇದು ಇತಿಹಾಸದ ಪ್ರಶ್ನೆಯಾಗಿ ಕಂಡಿದೆ. ಒಂದು ನಗರದಲ್ಲಿ ಯಾವ ಊಟ ಯಾವ ಓಣಿಯಲ್ಲಿ ಸಿಗುತ್ತದೆಂಬುದನ್ನು ವಿಚಾರಿಸುತ್ತ ಹೋದರೆ, ಅಲ್ಲಿಗೆ ಯಾರು ಬಂದರು, ಏಕೆ ಬಂದರು, ಯಾರನ್ನು ಊರಿನಲ್ಲಿ ಬಿಟ್ಟು ಬಂದರು ಎಂಬುದೆಲ್ಲ ಒಂದೊಂದಾಗಿ ತಿಳಿದುಬರುತ್ತದೆ.

ಮೊದಲು ಮೀನು ಹಿಡಿಯುವವರ ಮಾತು. ಮುಂಬಯಿ ಏಳು ದ್ವೀಪಗಳಾಗಿ ಚದುರಿದ್ದ ಕಾಲದಿಂದಲೂ ಅಲ್ಲಿ ನೆಲೆಸಿದವರು ಕೋಳಿ ಜನ. ಕನ್ನಡದ ಕಿವಿಗೆ ಈ ಹೆಸರು ಬೇರೊಂದಾಗಿ ಕೇಳಿಸೀತು. ಮರಾಠಿಯಲ್ಲಿ ಅದು ಬೆಸ್ತರ ಹೆಸರು. ಊರಿಗೆ ಹೆಸರಿತ್ತ ಮುಂಬಾದೇವಿ ಅವರು ಪೂಜಿಸುತ್ತ ಬಂದ ದೇವತೆ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಯ ಒಪ್ಪಂದದಂತೆ ಈ ನೆಲ ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಯಿತು; 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಧಣಿಗಳು ಬದಲಾದರೂ ಕೋಳಿಗಳ ಬಲೆ ಬದಲಾಗಲಿಲ್ಲ. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಅವರು ಹೊಸ ಋತುವಿನ ದುಡಿಮೆಗೆ ಇಳಿಯುತ್ತಾರೆ. ನಮ್ಮ ಕರಾವಳಿಯ ಮೊಗವೀರರ ಸಮುದ್ರಪೂಜೆಯನ್ನು ಕಂಡವರಿಗೆ ಇದು ಹೊಸದೆನಿಸದು.

ಅವರ ಮೀನುಗಳಲ್ಲಿ ಮುಂಬಯಿಗೇ ಅಂಟಿಕೊಂಡದ್ದು ಬೊಂಬಿಲ್. ಮೆತ್ತನೆಯ, ನೀರೇ ಹೆಚ್ಚಾದ ಈ ಮೀನನ್ನು ವರ್ಸೋವಾದಂಥ ಕೋಳಿವಾಡಗಳಲ್ಲಿ ಬಿದಿರಿನ ಅಡ್ಡಗಳುಗಳಿಗೆ ತೂಗಿಸಿ ಒಣಗಿಸುತ್ತಾರೆ. ಆಂಗ್ಲರು ಅದಕ್ಕೆ ‘ಬಾಂಬೆ ಡಕ್’ ಎಂದು ಹೆಸರಿಟ್ಟರು. ಒಣಮೀನಿನ ನಾತ ತುಂಬಿದ ಟಪಾಲು ಗಾಡಿ, ಅಂದರೆ ‘ಬಾಂಬೆ ಡಾಕ್’, ಈ ಹೆಸರಿಗೆ ಮೂಲವೆಂಬ ಕಥೆ ಸ್ವಾರಸ್ಯವಾದುದೇನೋ ಹೌದು. ಆದರೆ ಮುಂಬಯಿಯಲ್ಲಿ ರೈಲು ಹೊರಟದ್ದು 1853ರಲ್ಲಿ. ಹೆಸರು ಅದಕ್ಕೂ ಹಿಂದಿನ ಬರಹಗಳಲ್ಲೇ ಇದೆ.

ಕೋಳಿಗಳ ಮೀನು ಅವರ ಮನೆಗಳಲ್ಲಿ ಬೇಯುತ್ತಿತ್ತು, ಅವರ ಹೆಂಗಸರ ಬುಟ್ಟಿಗಳಲ್ಲಿ ಪೇಟೆಗೆ ಹೋಗುತ್ತಿತ್ತು. ಅದನ್ನು ಹಣ ಕೊಟ್ಟು ಉಣ್ಣುವ ಊಟವನ್ನಾಗಿ ಮಾಡಿದ್ದು ಹೊರಗಿನಿಂದ ಹಸಿದು ಬಂದವರು. 1854ರಲ್ಲಿ ಕಾವಸಜಿ ದಾವರ್ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ ಬಳಿಕ ಗಿರಣಿಗಳು ಒಂದರ ಹಿಂದೊಂದು ಎದ್ದವು. ರತ್ನಾಗಿರಿಯ ಕಡೆಯಿಂದ ಬಂದ ಗಂಡಸರು ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಚಾಳಿನ ಒಂದೊಂದು ಕೋಣೆಯಲ್ಲಿ ಹಲವರಾಗಿ ಬದುಕಿದರು. ಅವರಿಗೆ ತಿಂಗಳ ಲೆಕ್ಕದಲ್ಲಿ ಅನ್ನವಿಕ್ಕಿದ್ದು ಖಾನಾವಳಿ. ತೆಂಗಿನಕಾಯಿ, ಮುರುಗಲ, ಒಣಮೆಣಸು ಬೆರೆತ ಮೀನಿನ ಸಾರು ಆ ಬಡ ದುಡಿಮೆಗಾರನಿಗೆ ಬಾಯಿರುಚಿಯಷ್ಟೇ ಆಗಿರಲಿಲ್ಲ, ತಾನು ಬಿಟ್ಟುಬಂದ ಮನೆಯೂ ಆಗಿತ್ತು. ಒಲೆಯ ಮುಂದೆ ಬೆಂದವರು ಬಹುಮಟ್ಟಿಗೆ ಹೆಂಗಸರು. ಸಾಲಗಾರರ ಬಡ್ಡಿಯಲ್ಲಿ ನವೆಯುತ್ತಿದ್ದ ಅವರನ್ನು 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಟ್ಟುಗೂಡಿಸಿ, ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರಕ್ಕೆ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಇಳಿದರು. ಬಳಿಕ ಎಷ್ಟೋ ಗಿರಣಿಗಳು ಮುಚ್ಚಿದವು. ಗಿರಣಿಯ ಕೊಳವೆಯಲ್ಲಿ ಹೊಗೆ ನಿಂತಾಗ ಖಾನಾವಳಿಯ ಒಲೆಯೂ ತಣ್ಣಗಾಯಿತೆಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ಬರೆದುಕೊಳ್ಳುವುದು ಕಡಿಮೆ.

ಇನ್ನು ಕೋಟೆ ಪ್ರದೇಶ. ಕಚೇರಿಗಳ ಈ ಬೀದಿಗಳಿಗೆ ಬಂದವರಲ್ಲಿ ನಮ್ಮ ದಕ್ಷಿಣ ಕನ್ನಡದವರು ಬಹಳ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರ ಸಂತತಿ ಅದು. ಅವರಲ್ಲಿ ಮೊಗವೀರರು 1902ರಷ್ಟು ಹಿಂದೆಯೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದರು. ಉಡುಪಿಯ ಹೆಸರು ಇಡ್ಲಿ ದೋಸೆಯಿಂದ ಪ್ರಸಿದ್ಧವಾಯಿತು. ಅದೇ ಕರಾವಳಿಯ ಮೀನಿನಡಿಗೆ ‘ಲಂಚ್ ಹೋಮ್’ ಎಂಬ ಹೆಸರಿನಲ್ಲಿ ನೆಲೆ ಕಂಡಿತು. ಕಾವಸಜಿ ಪಟೇಲ್ ಬೀದಿಯ ಮಹೇಶ್ ಲಂಚ್ ಹೋಮ್ ಅಂಥದೊಂದು. ಊಟದ ಮನೆಯ ಹೆಸರಿನಲ್ಲೇ ‘ಮನೆ’ ಎಂಬ ಅರ್ಥದ ಮಾತು ಸೇರಿರುವುದನ್ನು ಗಮನಿಸಬೇಕು. ಗಸಿ, ಪುಳಿಮುಂಚಿ, ನೀರುದೋಸೆ ಇವು ಗುಮಾಸ್ತರ ಮಧ್ಯಾಹ್ನದ ಹಸಿವಿಗೆಂದು ಹುಟ್ಟಿದ ಪಂಕ್ತಿ. ಇಂದು ಅಂಥ ಕಡೆ ಏಡಿಯ ಬೆಲೆ ಕೇಳಿದರೆ ಆ ಗುಮಾಸ್ತ ಎದ್ದು ಹೊರಗೆ ಹೋದಾನು.

ಹಾಗಾದರೆ ಎಲ್ಲಿ ಉಣ್ಣಬೇಕು? ನನ್ನ ಉತ್ತರ ಇಷ್ಟೆ. ನೋಡಲು ಬಂದವರಿಗಾಗಿ ಅಲ್ಲದೆ ಹಸಿದವರಿಗಾಗಿ ತೆರೆದ ಬಾಗಿಲು ಎಲ್ಲಿ ಉಳಿದಿದೆಯೋ ಅಲ್ಲಿ ಉಣ್ಣಿರಿ. ದಾದರು, ಗಿರಗಾಂವಗಳಲ್ಲಿ ಹುಡುಕಿದರೆ ಅಂಥ ಬಾಗಿಲು ಇನ್ನೂ ಸಿಕ್ಕೀತು. ಅದಕ್ಕೆ ಮೊದಲು ಒಂದು ಮುಂಜಾವ ಕೊಲಾಬಾದ ಸಸೂನ್ ಡಾಕಿಗೆ ಹೋಗಿ ಬನ್ನಿರಿ. 1875ರಲ್ಲಿ ವಣಿಕರ ಮನೆತನವೊಂದು ಕಟ್ಟಿಸಿದ ಆ ಹಡಗುಕಟ್ಟೆ ಇಂದು ಮೀನಿನ ಕಟ್ಟೆ. ಸಿಗಡಿ ಸುಲಿಯುತ್ತ, ದರ ಕೂಗುತ್ತ ಕುಳಿತ ಹೆಂಗಸರು ಅಲ್ಲಿ ಕಾಣುತ್ತಾರೆ. ಹೋಟೆಲಿನ ಫಲಕದ ಮೇಲೆ ಅವರ ಹೆಸರಿರುವುದಿಲ್ಲ.

ವರ್ಲಿಯ ಕೋಳಿಗಳ ಸಂಗತಿಯನ್ನೂ ಹೇಳಬೇಕು. 2024ರಲ್ಲಿ ಸಂಚಾರಕ್ಕೆ ತೆರೆಯಲಾರಂಭಿಸಿದ ಕರಾವಳಿ ರಸ್ತೆಯ ನಕ್ಷೆಯಲ್ಲಿ ಸೇತುವೆಯ ಕಂಬಗಳ ನಡುವೆ 60 ಮೀಟರಿನ ಅಂತರವಿತ್ತು. ಅಷ್ಟರಲ್ಲಿ ದೋಣಿ ನಡೆಯದೆಂದು ಅವರು ಹಟ ಹಿಡಿದರು. ಕೊನೆಗೆ ಒಂದು ಕಡೆ 120 ಮೀಟರು ಬಿಡಲು ನಗರಪಾಲಿಕೆ ಒಪ್ಪಿತು. ಕೇಳಿದ್ದಷ್ಟು ಸಿಗಲಿಲ್ಲ, ಆದರೆ ದಾರಿ ಉಳಿಯಿತು. ಆ ದಾರಿಯಲ್ಲಿ ದೋಣಿ ಹೋಗಿ ಬರುವಷ್ಟು ಕಾಲ ಮುಂಬಯಿಯ ಎಲೆಯ ಮೇಲೆ ಮುಂಬಯಿಯದೇ ಮೀನು ಇರುತ್ತದೆ.