ಪಹಣಿಯ ನಡುವಿನ ಅಕ್ಷರ: ಕರ್ನಾಟಕದ ಗೇಣಿದಾರ ಮತ್ತು ಸರ್ಕಾರಿ ನೆರವು

ಜಮೀನಿನ ಒಂದೊಂದು ಸರ್ವೆ ನಂಬರಿಗೂ ಇರುವ ಕಂದಾಯ ದಾಖಲೆಯನ್ನು ಕರ್ನಾಟಕದ ರೈತರು ಪಹಣಿ ಎನ್ನುತ್ತಾರೆ, ಕಚೇರಿಯವರು ಆರ್‌ಟಿಸಿ ಎನ್ನುತ್ತಾರೆ. ಹಕ್ಕು, ಗೇಣಿ ಮತ್ತು ಬೆಳೆ ಎಂಬ ಮೂರು ಸಂಗತಿಗಳನ್ನು ಒಂದೇ ಹಾಳೆಯಲ್ಲಿ ಹೇಳುವ ದಾಖಲೆ ಎಂಬುದು ಆ ಮೂರಕ್ಷರದ ಅರ್ಥ. ನಡುವಿನ ಅಕ್ಷರ ಸೂಚಿಸುವುದು ಗೇಣಿಯನ್ನು, ಅಂದರೆ ಇನ್ನೊಬ್ಬರ ಜಮೀನನ್ನು ಉತ್ತು ಅದಕ್ಕಾಗಿ ದವಸವನ್ನೋ ಹಣವನ್ನೋ ಅಳೆದುಕೊಡುವ ಒಪ್ಪಂದವನ್ನು. ಕರ್ನಾಟಕದ ಕಾನೂನು ಅಂಥ ಒಪ್ಪಂದವನ್ನು 1974ರಿಂದ ನಿಷೇಧಿಸಿದೆ. ಆದರೆ ದಾಖಲೆಯ ಹೆಸರಿನಲ್ಲಿ ಅದು ಉಳಿದುಕೊಂಡಿದೆ, ಹೊಲಗಳಲ್ಲಿಯೂ ಉಳಿದುಕೊಂಡಿದೆ. ಸರ್ಕಾರದ ಕೃಷಿ ನೆರವು ಗೇಣಿದಾರನನ್ನು ತಲುಪದೆ ಹೋದ ಚರಿತ್ರೆಯನ್ನು ಅರಿಯಬೇಕಾದರೆ ಈ ಹಾಳೆಯಿಂದಲೇ ಹೊರಡುವುದು ಅನುಕೂಲ.

ಗೇಣಿಗೆ ನಾಡಿನುದ್ದಕ್ಕೂ ಒಂದೇ ರೂಪವಿರಲಿಲ್ಲ. ಕರಾವಳಿಯ ಕೆನರಾ ಜಿಲ್ಲೆಯಲ್ಲಿ, ಸರ್ಕಾರಕ್ಕೆ ನೇರವಾಗಿ ತೀರ್ವೆ ಕಟ್ಟುವ ಮೂಲವರ್ಗದಾರನ ಕೆಳಗೆ ಎರಡು ಬಗೆಯ ಒಕ್ಕಲುಗಳಿದ್ದರು. ಮೂಲಗೇಣಿಯವನದು ವಂಶಪಾರಂಪರ್ಯದ, ಗೇಣಿಯ ಮೊತ್ತ ಬದಲಾಗದ ಹಿಡುವಳಿಯಾಗಿದ್ದರೆ, ಚಾಲಗೇಣಿಯವನನ್ನು ಧಣಿ ಬಯಸಿದಾಗ ಏಳಿಸಬಹುದಾಗಿತ್ತು. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಎರಡೂ ವರ್ಗಗಳನ್ನು ಹೆಸರಿಸಿ ವಿವರಿಸಿದ್ದಾನೆ. ಅಲ್ಲಿ ಗೇಣಿ ಸಲ್ಲುತ್ತಿದ್ದುದು ಮುಡಿಗಳ ಲೆಕ್ಕದಲ್ಲಿ. ಬೈಹುಲ್ಲನ್ನು ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಗುಂಡಗೆ ಕಟ್ಟಿದ ಅಕ್ಕಿಯ ಆ ಕಟ್ಟಿನಲ್ಲಿ 42 ಸೇರು ಹಿಡಿಯುತ್ತಿತ್ತು. ಹಳೆಯ ಮೈಸೂರಿನ ಕಡೆ ಕಣದ ರಾಶಿಯನ್ನು ಸಮಪಾಲು ಮಾಡಿಕೊಳ್ಳುವ ಪದ್ಧತಿಗೆ ವಾರವೆಂದೂ, ಮಳೆ ಬರಲಿ ಬಾರದಿರಲಿ ಗೊತ್ತುಪಡಿಸಿದಷ್ಟನ್ನು ಕೊಡಲೇಬೇಕಾದ ಪದ್ಧತಿಗೆ ಗುತ್ತಿಗೆಯೆಂದೂ ಹೆಸರು. ಉತ್ತರ ಕರ್ನಾಟಕದಲ್ಲಿ ಇವಕ್ಕೇ ಕೋರು ಮತ್ತು ಲಾವಣಿ ಎನ್ನುತ್ತಾರೆ. ಎರಡರ ನಡುವಿನ ವ್ಯತ್ಯಾಸ ಕೇವಲ ಹೆಸರಿನದಲ್ಲ: ಕೋರಿನಲ್ಲಿ ಬರಗಾಲದ ನಷ್ಟವೂ ಎರಡು ಪಾಲಾಗುತ್ತದೆ, ಲಾವಣಿಯಲ್ಲಿ ಅದು ಪೂರ್ತಿ ಉಳುವವನ ತಲೆಗೇ ಬರುತ್ತದೆ.

ವಸಾಹತುಶಾಹಿ ಸರ್ಕಾರ ಕೃಷಿಗೆ ಕೊಟ್ಟ ನೆರವಿನ ಮುಖ್ಯ ರೂಪ ತಗಾವಿ ಸಾಲ, ಅಂದರೆ ಬೀಜಕ್ಕೆ, ಎತ್ತಿಗೆ, ಬಾವಿಗೆ ಖಜಾನೆಯಿಂದ ಕೊಟ್ಟು ಕಂದಾಯದಂತೆಯೇ ವಸೂಲು ಮಾಡುತ್ತಿದ್ದ ಮುಂಗಡ. ಇದಕ್ಕೆ ಆಧಾರವಾಗಿದ್ದುದು 1883ರ ಭೂ ಅಭಿವೃದ್ಧಿ ಸಾಲದ ಕಾಯ್ದೆ ಮತ್ತು 1884ರ ಕೃಷಿಕರ ಸಾಲದ ಕಾಯ್ದೆ. ಎರಡನೆಯ ಕಾಯ್ದೆಯ ಒಕ್ಕಣೆ ಗಮನಾರ್ಹವಾದುದು: ಸಂಕಷ್ಟ ಪರಿಹಾರಕ್ಕೆ ಮತ್ತು ಬೀಜ, ದನಕರುಗಳ ಖರೀದಿಗೆ ಸಾಲ ಪಡೆಯಬಹುದಾದವರು ಸಾಗುವಳಿ ಜಮೀನಿನ ಮಾಲೀಕರು ಮತ್ತು ಅದನ್ನು ಸ್ವಾಧೀನದಲ್ಲಿಟ್ಟುಕೊಂಡವರು ಎಂದು ಅದು ಹೇಳುತ್ತದೆ. ಜಾಮೀನಿಲ್ಲದ ಒಕ್ಕಲಿಗೆ ಆ ಬಾಗಿಲು ಎಷ್ಟರಮಟ್ಟಿಗೆ ತೆರೆದೀತು ಎಂಬುದು ಬೇರೆ ಪ್ರಶ್ನೆ. ಆದರೂ ರೈತರ ಮೇಲೆ ವಿಶೇಷ ಮಮತೆಯಿದ್ದ ಆಡಳಿತವೆಂದು ಯಾರೂ ಹೇಳಲಾರದ ಆ ಸರ್ಕಾರದ ಕಾಯ್ದೆ, ಮಾಲೀಕನಲ್ಲದೆ ಜಮೀನು ಉಳುವವನೂ ಇದ್ದಾನೆಂಬುದನ್ನು ಕಾಗದದ ಮೇಲಾದರೂ ಒಪ್ಪಿಕೊಂಡಿತ್ತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಸಹಕಾರ ಚಳವಳಿಯೂ ಊರವರ ಪರಸ್ಪರ ನಂಬಿಕೆಯನ್ನು ನೆಚ್ಚಿಕೊಂಡು ಬೆಳೆಯಿತು. ಸಹಕಾರ ಸಂಘಗಳ ಕೃಷಿ ಸಾಲಕ್ಕೆ ಪಹಣಿ ಅನಿವಾರ್ಯವಾದದ್ದು ಮುಂದಿನ ಮಾತು.

ಸ್ವಾತಂತ್ರ್ಯಾನಂತರ ಗೇಣಿಯ ಪ್ರಶ್ನೆ ರಾಜಕೀಯದ ಮುನ್ನೆಲೆಗೆ ಬಂದದ್ದು ಒಂದು ಅಳತೆಯ ಪಾತ್ರೆಯ ನೆಪದಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು; ಒಪ್ಪಂದದ ಸಂಖ್ಯೆ ಅದೇ ಇದ್ದರೂ ಪ್ರತಿ ಅಳತೆಯಲ್ಲಿ ಒಂದಷ್ಟು ಭತ್ತ ಹೆಚ್ಚಾಗಿ ಒಡೆಯನ ಕಣಜ ಸೇರುತ್ತಿತ್ತು. ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ರೈತ ಸಂಘದ ಬೆಂಬಲದಿಂದ ಇದನ್ನು ಪ್ರತಿಭಟಿಸಿದಾಗ ಅವರನ್ನು ಜಮೀನಿನಿಂದ ಹೊರಹಾಕಲಾಯಿತು. ಬಿಡಿಸಿದ ಗದ್ದೆಗೆ ಮತ್ತೆ ಇಳಿದು ಉಳುವುದೇ ಸತ್ಯಾಗ್ರಹವಾಗಿ, 1951ರ ಏಪ್ರಿಲ್ 18ರಂದು ಚಳವಳಿ ಆರಂಭವಾಯಿತು. ಶಾಂತವೇರಿ ಗೋಪಾಲಗೌಡರ ನೇತೃತ್ವದ ಸಮಾಜವಾದಿಗಳು ಅದನ್ನು ಮುನ್ನಡೆಸಿದರು. ಅದೇ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಘೋಷಣೆಗೆ ಕನ್ನಡದಲ್ಲಿ ಮೈ ಬಂದದ್ದು ಇಂಥ ಗದ್ದೆಗಳಲ್ಲಿ.

ಭಾಷಾವಾರು ರಾಜ್ಯ ರಚನೆಯಾದಾಗ ಗೇಣಿ ಕಾನೂನುಗಳು ಚದುರಿದ ಸ್ಥಿತಿಯಲ್ಲಿದ್ದವು. ಮುಂಬಯಿ ಪ್ರಾಂತದಿಂದ ಬಂದ ಜಿಲ್ಲೆಗಳಿಗೆ 1948ರ ಕಾಯ್ದೆ, ಹೈದರಾಬಾದಿನ ಭಾಗಕ್ಕೆ 1950ರದು, ಹಳೆಯ ಮೈಸೂರಿಗೆ 1952ರದು ಅನ್ವಯವಾಗುತ್ತಿದ್ದವು. ಇವನ್ನು ಒಂದುಗೂಡಿಸಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರ ಶಿಫಾರಸುಗಳ ಹಿನ್ನೆಲೆಯಲ್ಲಿ ರೂಪುಗೊಂಡ 1961ರ ಭೂ ಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಾಲ್ಕು ವರ್ಷಗಳ ಈ ಅಂತರವನ್ನು ಒಡೆಯರು ವ್ಯರ್ಥವಾಗಿ ಕಳೆಯಲಿಲ್ಲ. ಕಾಯ್ದೆಯ 4ನೆಯ ಪ್ರಕರಣದ ಪ್ರಕಾರ, ಇನ್ನೊಬ್ಬರ ಜಮೀನನ್ನು ಕಾನೂನುಬದ್ಧವಾಗಿ ಸಾಗುವಳಿ ಮಾಡುವವನು ಮಾಲೀಕನ ಕುಟುಂಬದವನೋ ಕೂಲಿಯಾಳೋ ಅಲ್ಲದಿದ್ದರೆ ಅವನನ್ನು ಗೇಣಿದಾರನೆಂದೇ ಭಾವಿಸತಕ್ಕದ್ದು. ಉಳುವವನ ರಕ್ಷಣೆಗೆಂದು ಬರೆದ ಈ ಸಾಲು, ತನ್ನ ಜಮೀನನ್ನು ಇನ್ನೊಬ್ಬ ಉಳುತ್ತಾನೆಂಬುದಕ್ಕೆ ಚೂರು ಕಾಗದವೂ ಉಳಿಯಬಾರದೆಂಬ ಭಯವನ್ನು ಮಾಲೀಕನಲ್ಲಿ ಬಿತ್ತಿತು. ಆ ಭಯ ಇಂದಿಗೂ ಹೋಗಿಲ್ಲ.

ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಆ ದಿನ ಗೇಣಿಯಲ್ಲಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿದವು. ಅಲ್ಲಿಂದ ಗೇಣಿದಾರನಿಗೆ ಅಧಿಭೋಗದ ಹಕ್ಕು, ಅಂದರೆ ಸರ್ಕಾರದಡಿಯಲ್ಲಿ ತಾನೇ ಖಾತೆದಾರನಾಗುವ ಹಕ್ಕು, ಸಿಗಬೇಕಾಗಿತ್ತು. ಅದಕ್ಕಾಗಿ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ದಕ್ಷಿಣ ಕನ್ನಡದಲ್ಲಿ ಜನ ಇದನ್ನು ಡಿಕ್ಲರೇಶನ್ ಕೊಡುವುದು ಎಂದೇ ಕರೆದರು. ಅರ್ಜಿಯನ್ನು ತೀರ್ಮಾನಿಸಿದ್ದು ನ್ಯಾಯಾಲಯವಲ್ಲ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ನಾಲ್ವರು ನಾಮಕರಣ ಸದಸ್ಯರಿದ್ದ ಭೂ ನ್ಯಾಯಮಂಡಳಿ. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟರಿರಬೇಕೆಂಬ ನಿಯಮವಿತ್ತು, ವಕೀಲರಿಗೆ ಮೊದಲಿಗೆ ಪ್ರವೇಶವಿರಲಿಲ್ಲ. ಅಲ್ಲಿ ಪುರಾವೆಯಾಗಿ ಬಂದದ್ದು ಗೇಣಿ ಚೀಟಿ, ಅಕ್ಕಪಕ್ಕದ ಒಕ್ಕಲುಗಳ ಸಾಕ್ಷ್ಯ, ಎಲ್ಲಕ್ಕಿಂತ ಹೆಚ್ಚಾಗಿ ಪಹಣಿಯ 12ನೆಯ ಕಾಲಂ. ಮಾಲೀಕತ್ವವನ್ನು 9ನೆಯ ಕಾಲಂ ತೋರಿಸಿದರೆ, ಆ ವರ್ಷ ಆ ಹಂಗಾಮಿನಲ್ಲಿ ನೆಲವನ್ನು ಯಾರು ಸಾಗುವಳಿ ಮಾಡಿದರು, ಏನು ಬೆಳೆದರು ಎಂಬುದನ್ನು ಹೇಳುವುದು 12ನೆಯದು. 1964ರ ಭೂ ಕಂದಾಯ ಕಾಯ್ದೆಯ 133ನೆಯ ಪ್ರಕರಣದಂತೆ, ವ್ಯತಿರಿಕ್ತವಾಗಿ ರುಜುವಾತಾಗುವವರೆಗೆ ಆ ನಮೂದು ನಿಜವೆಂದೇ ಗ್ರಾಹ್ಯ. ಶಾನುಭೋಗನೋ ಅವನ ನಂತರ ಬಂದ ಗ್ರಾಮಲೆಕ್ಕಿಗನೋ ಆ ಕಾಲಮ್ಮಿನಲ್ಲಿ ಬರೆದ ಒಂದು ಹೆಸರು ಎಷ್ಟೋ ಮನೆಗಳ ಹಣೆಬರಹವಾಯಿತು.

ಅರ್ಜಿಯ ಗಡುವು 1979ರ ಜೂನ್ 30ರವರೆಗೆ ವಿಸ್ತರಣೆಯಾಗಿ, ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಸುಮಾರು ಐದು ಲಕ್ಷ ಗೇಣಿದಾರರ ಪರವಾಗಿ ತೀರ್ಪಾಯಿತು. ಕರಾವಳಿ ಮತ್ತು ಮಲೆನಾಡುಗಳಲ್ಲಿ ಇದು ಸಮಾಜದ ಚಹರೆಯನ್ನೇ ಬದಲಿಸಿತು. ಸಣ್ಣ ಹಿಡುವಳಿಯ ವಿಧವೆಯರು ಮತ್ತು ಗುಡಿಗಳ ಅರ್ಚಕರು ಇದ್ದ ತುಂಡು ನೆಲವನ್ನು ಕಳೆದುಕೊಂಡದ್ದೂ ಇದೇ ಚರಿತ್ರೆಯ ಭಾಗ. ಕಾನೂನು ಸೈನಿಕರಿಗೆ ಮತ್ತು ನಾವಿಕರಿಗೆ ತೋರಿದ ರಿಯಾಯಿತಿಯನ್ನು ಅವರಿಗೆ ತೋರಲಿಲ್ಲ. ಗೇಣಿದಾರನ ಸಾಲದ ಅಗತ್ಯವನ್ನು ಮಾತ್ರ ತಿದ್ದುಪಡಿ ಮರೆಯಲಿಲ್ಲ: ಹಕ್ಕು ಪಡೆದ ಜಮೀನನ್ನು ಗೊತ್ತಾದ ಅವಧಿಯವರೆಗೆ ಮಾರುವಂತಿಲ್ಲವಾದರೂ, ಅದರ ಅಭಿವೃದ್ಧಿಗಾಗಿ ಸರ್ಕಾರಕ್ಕೆ, ಸಹಕಾರ ಸಂಘಕ್ಕೆ ಅಥವಾ ಹಣಕಾಸು ಸಂಸ್ಥೆಗೆ ಅಡವಿಡಲು 61ನೆಯ ಪ್ರಕರಣ ಅವಕಾಶ ಕೊಟ್ಟಿತು. ಬ್ಯಾಂಕಿನ ಮೆಟ್ಟಿಲನ್ನೇ ತುಳಿಯದಿದ್ದ ಒಕ್ಕಲು ಹೀಗೆ ಪಂಪ್‌ಸೆಟ್ಟಿಗೆ ಸಾಲ ಎತ್ತುವ ರೈತನಾದ. 1974ರ ತಿದ್ದುಪಡಿಯನ್ನು ಗೇಣಿದಾರನಿಗೆ ಸರ್ಕಾರ ಕೊಟ್ಟ ಅತಿ ದೊಡ್ಡ ನೆರವೆಂದು ಕರೆದರೆ ಉತ್ಪ್ರೇಕ್ಷೆಯಾಗದು.

ಅದೇ ತಿದ್ದುಪಡಿ 5ನೆಯ ಪ್ರಕರಣದ ಮೂಲಕ ಮುಂದಿನ ಗೇಣಿಯನ್ನು ನಿಷೇಧಿಸಿತು. ಇನ್ನು ಮುಂದೆ ಗೇಣಿ ಇರುವುದಿಲ್ಲ, ಆದ್ದರಿಂದ ಗೇಣಿದಾರನೂ ಇರುವುದಿಲ್ಲ ಎಂಬುದು ಅಂದಿನ ತರ್ಕ. ಆದರೆ ಪಟ್ಟಣಕ್ಕೆ ನೌಕರಿಗೆ ಹೋದವರು, ಎತ್ತು ಆಳುಗಳಿಲ್ಲದ ಮುದುಕರು, ಕೊಳವೆ ಬಾವಿ ಬತ್ತಿದವರು ಜಮೀನನ್ನು ಬೀಳು ಬಿಡಲಿಲ್ಲ. ಪಕ್ಕದವನಿಗೆ ಕೋರಿಗೋ ವಾರಕ್ಕೋ ಕೊಟ್ಟರು. ನಮೂನೆ 7 ತುಂಬಿದವರ ಮೊಮ್ಮಕ್ಕಳೇ ಇಂದು ಜಮೀನನ್ನು ಪಾಲಿಗೆ ಕೊಡುವ ಊರುಗಳಿವೆ. ಒಪ್ಪಂದ ನಡೆಯುವುದು ಯುಗಾದಿಯ ಆಸುಪಾಸಿನಲ್ಲಿ, ಬಾಯಿಮಾತಿನಲ್ಲಿ, ಹೆಚ್ಚೆಂದರೆ ಊರ ಹಿರಿಯನೊಬ್ಬನ ಎದುರು. ಬೀಜ, ಗೊಬ್ಬರದ ಖರ್ಚು ಅರ್ಧ ಅರ್ಧ, ದುಡಿಮೆ ಉಳುವವನದು, ಕಣದಲ್ಲಿ ರಾಶಿ ಎರಡು ಪಾಲು, ಮೇವು ಎತ್ತಿದ್ದವನಿಗೆ ಎಂದು ಮಾತಾಗುತ್ತದೆ. ಒಬ್ಬನೇ ಉಳುತ್ತಿದ್ದರೆ ಹಕ್ಕು ಕೇಳಿಯಾನೆಂದು ಎರಡು ಮೂರು ವರ್ಷಕ್ಕೊಮ್ಮೆ ಆಳನ್ನು ಬದಲಿಸುವ ಮಾಲೀಕರೂ ಇದ್ದಾರೆ. ಅಂಥ ಹೊಲಕ್ಕೆ ಯಾರೂ ಕೆರೆಯ ಗೋಡು ಹೊಡೆಸುವುದಿಲ್ಲ, ಬದು ಹಾಕುವುದಿಲ್ಲ.

ಸರ್ಕಾರದ ನೆರವು ಬಹುಮಟ್ಟಿಗೆ ರಾಸಾಯನಿಕ ಗೊಬ್ಬರದ ಬೆಲೆ, ಕಾಲುವೆಯ ನೀರು, ವಿದ್ಯುತ್ತುಗಳ ರೂಪದಲ್ಲಿದ್ದಾಗ ಈ ಅದೃಶ್ಯತೆಯ ಪೆಟ್ಟು ಅಷ್ಟು ತಾಗಿರಲಿಲ್ಲ, ಏಕೆಂದರೆ ಗೊಬ್ಬರದಂಗಡಿಯಲ್ಲಿ ಯಾರೂ ಪಹಣಿ ಕೇಳುತ್ತಿರಲಿಲ್ಲ. ನೆರವು ನೇರವಾಗಿ ಖಾತೆಗೆ ಜಮೆಯಾಗತೊಡಗಿದ ಮೇಲೆ ಮಾತ್ರ ಖಾತೆ ಯಾರದು ಎಂಬ ಪ್ರಶ್ನೆ ಎದ್ದಿತು. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಕಂದಾಯ ಸಿಬ್ಬಂದಿಯ ಲಂಚಕ್ಕೆ ಅದು ಹಾಕಿದ ಕಡಿವಾಣವನ್ನು ಹೊಗಳಬೇಕಾದದ್ದೇ, ಆದರೆ ಗೇಣಿದಾರನ ಪಾಲಿಗೆ ಅದು ಹಳೆಯ ಮೌನವನ್ನು ಅಚ್ಚು ಹಾಕಿ ಗಟ್ಟಿಮಾಡಿತು. ಆಮೇಲೆ ಬಂದ ಫ್ರೂಟ್ಸ್ ತಂತ್ರಾಂಶ, ಪಹಣಿಯನ್ನು ಆಧಾರ್‌ಗೆ ಜೋಡಿಸಿ ರೈತನಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಕೊಡುತ್ತದೆ. ರೈತ ಸಂಪರ್ಕ ಕೇಂದ್ರದ ರಿಯಾಯಿತಿ ಬೀಜ, ಬೆಂಬಲ ಬೆಲೆಯ ಖರೀದಿ ಕೇಂದ್ರದ ನೋಂದಣಿ, ಬರ ಪರಿಹಾರ ಎಲ್ಲಕ್ಕೂ ಆ ಸಂಖ್ಯೆಯೇ ಬೀಗದ ಕೈ. 2018ರ ಡಿಸೆಂಬರ್‌ನಿಂದ ಅನ್ವಯವಾಗುವಂತೆ ಕೇಂದ್ರ ಸರ್ಕಾರ 2019ರಲ್ಲಿ ತಂದ ಪಿಎಂ ಕಿಸಾನ್, ವರ್ಷಕ್ಕೆ 6,000 ರೂಪಾಯಿಯನ್ನು ಜಮೀನು ಹೊಂದಿದ ಕುಟುಂಬಕ್ಕೆ ಮಾತ್ರ ಕೊಡುತ್ತದೆ. ಬೆಳೆ ಒಣಗಿದ ವರ್ಷ ಪರಿಹಾರ ಬೀಳುವುದೂ ಖಾತೆದಾರನ ಬ್ಯಾಂಕಿಗೆ. ನಷ್ಟ ಉಂಡವನಿಗೆ ಅದರಲ್ಲೊಂದು ಪಾಲು ಸಿಗುವುದು ಬಿಡುವುದು ಮಾಲೀಕನ ಮನಸ್ಸಿಗೆ ಬಿಟ್ಟದ್ದು.

ಇಲ್ಲಿನ ವೈಚಿತ್ರ್ಯವೆಂದರೆ, ರಾಜ್ಯದ ಕಾನೂನು ಇಲ್ಲವೆನ್ನುವ ಈ ವ್ಯಕ್ತಿಯನ್ನು ಕೇಂದ್ರದ ನಿಯಮಗಳು ಹೆಸರು ಹಿಡಿದು ಕರೆಯುತ್ತವೆ. ಕಿಸಾನ್ ಕ್ರೆಡಿಟ್ ಕಾರ್ಡಿನ 2012ರ ಪರಿಷ್ಕೃತ ಮಾರ್ಗಸೂಚಿ ಗೇಣಿದಾರರನ್ನೂ ಪಾಲುದಾರರನ್ನೂ, ಬಾಯಿಮಾತಿನ ಗೇಣಿದಾರರನ್ನೂ ಅರ್ಹರೆಂದು ಎಣಿಸುತ್ತದೆ. 2016ರ ಫಸಲ್ ಬಿಮಾ ಯೋಜನೆಯೂ ಅವರನ್ನು ಒಳಗೊಳ್ಳುತ್ತದೆ, ಆದರೆ ಕೃಷಿ ಮಾಡುತ್ತಿರುವುದಕ್ಕೆ ದಾಖಲೆ ಬೇಕೆನ್ನುತ್ತದೆ. ಗೇಣಿಯೇ ಅಪರಾಧವಾಗಿರುವ ರಾಜ್ಯದಲ್ಲಿ ಆ ದಾಖಲೆಗೆ ಯಾವ ಮಾಲೀಕ ರುಜು ಹಾಕಿಯಾನು? ನಬಾರ್ಡ್ ರೂಪಿಸಿದ ಜಂಟಿ ಬಾಧ್ಯತಾ ಗುಂಪುಗಳು, ಅಂದರೆ 4ರಿಂದ 10 ಜನ ಒಬ್ಬರಿಗೊಬ್ಬರು ಜಾಮೀನಾಗಿ ಪಡೆಯುವ ಸಾಲ, ಈ ಕಗ್ಗಂಟನ್ನು ಬಿಡಿಸದೆ ಅದರ ಪಕ್ಕದಲ್ಲಿ ದಾಟಿಕೊಂಡು ಹೋಗುವ ಉಪಾಯ.

ಇತರ ರಾಜ್ಯಗಳ ಅನುಭವಗಳು ಬೇರೆ ದಾರಿಗಳನ್ನು ತೋರಿಸಿವೆ. ಪಶ್ಚಿಮ ಬಂಗಾಳ 1978ರಲ್ಲಿ ಆರಂಭಿಸಿದ ಆಪರೇಷನ್ ಬರ್ಗಾ, ಗೇಣಿಯನ್ನು ರದ್ದುಮಾಡದೆ ಸುಮಾರು 14 ಲಕ್ಷ ಪಾಲುದಾರರ ಹೆಸರನ್ನು ದಾಖಲೆಗೆ ಏರಿಸಿತು. ಆಂಧ್ರಪ್ರದೇಶ 2011ರ ಕಾಯ್ದೆಯಿಂದ ಗೇಣಿದಾರನಿಗೆ ಸಾಲ ಮತ್ತು ವಿಮೆಗಳಿಗಾಗಿ ಅರ್ಹತಾ ಕಾರ್ಡು ಕೊಟ್ಟಿತು. ಅದರ ಬದಲಿಗೆ ಬಂದ 2019ರ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ 11 ತಿಂಗಳ ಒಪ್ಪಂದಕ್ಕೆ ಮಾಲೀಕನ ಒಪ್ಪಿಗೆಯನ್ನು ಬೇಡಿತು. ನೀತಿ ಆಯೋಗಕ್ಕಾಗಿ ಟಿ. ಹಕ್ ಸಮಿತಿ 2016ರಲ್ಲಿ ಸಿದ್ಧಪಡಿಸಿದ ಮಾದರಿ ಕಾಯ್ದೆ, ಮಾಲೀಕತ್ವಕ್ಕೆ ಧಕ್ಕೆಯಿಲ್ಲದ ಗೇಣಿಯನ್ನು ಕಾನೂನುಬದ್ಧಗೊಳಿಸುವ ಸಲಹೆ ಮಾಡಿತು. ಕರ್ನಾಟಕ 2020ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿತು, ಆದರೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ ಮತ್ತು 79ಬಿ ಪ್ರಕರಣಗಳನ್ನು ತೆಗೆಯುವುದಕ್ಕಾಗಿ. ಜಮೀನು ಕೊಳ್ಳುವವನ ತೊಡಕು ನೀಗಿತು, ಉಳುವವನದು ಇದ್ದಲ್ಲೇ ಉಳಿಯಿತು.

ಈಗ ಪ್ರತಿ ಹಂಗಾಮಿನಲ್ಲಿ ಮೊಬೈಲ್ ಆ್ಯಪ್ ಹಿಡಿದು ಬೆಳೆ ಸಮೀಕ್ಷೆ ನಡೆಯುತ್ತದೆ. ಸರ್ವೆ ನಂಬರಿನ ಒಳಗೆ ನಿಂತು ತೆಗೆದ ಚಿತ್ರದಿಂದ ಅಲ್ಲಿರುವುದು ತೊಗರಿಯೋ ಹತ್ತಿಯೋ, ಎಷ್ಟು ಗುಂಟೆಯಲ್ಲಿದೆ ಎಂಬುದು ಖಚಿತವಾಗಿ ದಾಖಲಾಗಿ, ಖಾತೆದಾರನ ಹೆಸರಿರುವ ಪಹಣಿಗೆ ಸೇರುತ್ತದೆ. ಹಕ್ಕು ಮತ್ತು ಬೆಳೆಗಳೆಂಬ ಮೊದಲ ಮತ್ತು ಕೊನೆಯ ಅಕ್ಷರಗಳು ಇಷ್ಟು ನಿಚ್ಚಳವಾಗಿ ಹಿಂದೆಂದೂ ಭರ್ತಿಯಾಗಿರಲಿಲ್ಲ.