ಬಾವಿಯ ಮಣ್ಣು, ಕಾಲದ ಗುರುತು

ಕೊಪ್ಪ ಸೀಮೆಯ ಭಂಡಿಗಡಿಯಲ್ಲಿ ನಮ್ಮ ಮನೆಯ ಬಾವಿ ತೋಡಿಸಿದಾಗ ನಾನಿನ್ನೂ ಹುಡುಗ. ಮೊದಲು ಜಂಬಿಟ್ಟಿಗೆ ಬಂತು, ಅದರ ಕೆಳಗೆ ಬಿಳಿಯ ಶೇಡಿ ಮಣ್ಣು. ಬುಟ್ಟಿಯಲ್ಲಿ ಮೇಲೆ ಬಂದ ಶೇಡಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿದ ತೋಡುವ ಹಿರಿಯ, “ಅಯ್ಯಾ, ಕೆಳಮನೆಯವರ ಬಾವಿಯಲ್ಲಿ ಸಿಕ್ಕಿದ್ದೂ ಇದೇ ಪದರ. ಇನ್ನು ಎರಡಾಳು ಇಳಿದರೆ ನೀರು” ಎಂದು ನಮ್ಮ ತಂದೆಗೆ ಭರವಸೆಯಿತ್ತ. ಎರಡಾಳು ಇಳಿದಾಗ ಸಿಕ್ಕಿದ್ದು ಒಣ ಬಂಡೆ. ಬಣ್ಣವೇನೋ ಒಂದೇ ಆಗಿತ್ತು, ಪದರ ಬೇರೆಯಾಗಿತ್ತು.

ದೂರದೂರದ ಬಾವಿಗಳ ಪದರಗಳಲ್ಲಿ ಯಾವುದಕ್ಕೆ ಯಾವುದು ಜೊತೆ ಎಂದು ನಿರ್ಣಯಿಸುವುದು ಭೂವಿಜ್ಞಾನದ ಹಳೆಯ ತೊಡಕು. ಮಣ್ಣಿನ ಬಣ್ಣ ಮೋಸ ಮಾಡುತ್ತದೆ. ಪಳೆಯುಳಿಕೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ನಮ್ಮ ಮಲೆನಾಡಿನ ಬಂಡೆಗಳಲ್ಲಾದರೋ ಆ ಸಹಾಯವೂ ಇಲ್ಲ. ಅವುಗಳಲ್ಲಿ ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು; ಚಿಪ್ಪು ಕಟ್ಟುವ ಜೀವಿಗಳು ಆಗ ಹುಟ್ಟಿಯೇ ಇರಲಿಲ್ಲ. ಬೆಂಗಳೂರಿನ ನೆಲವೂ ಅಂಥದ್ದೇ. ಆದರೂ ದಕ್ಷಿಣ ಭಾರತದ ಸೂಕ್ಷ್ಮ ಪಳೆಯುಳಿಕೆಗಳ ಅಧ್ಯಯನದ ಮೊದಲ ಅಧ್ಯಾಯಗಳಲ್ಲಿ ಕೆಲವು ಬರೆಯಲ್ಪಟ್ಟದ್ದು ಅದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂಬುದು ನನಗೆ ಸದಾ ಸೋಜಿಗದ ಸಂಗತಿ.

ಅಂದಿನ ಪ್ರಶ್ನೆ ದಖನ್ನಿನ ಲಾವಾ ಬಂಡೆಗಳ ವಯಸ್ಸಿನದು. 1934ರಲ್ಲಿ ಬೀರಬಲ್ ಸಾಹನಿಯವರು, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಇವು ಕ್ರಿಟೇಷಿಯಸ್ ಯುಗದವೋ ಟರ್ಷಿಯರಿಯವೋ ಎಂದು ನೇರವಾಗಿ ಕೇಳಿದರು. ಗೋದಾವರಿಯ ದಡದ ರಾಜಮಹೇಂದ್ರಿಯ ಬಳಿ ಎರಡು ಲಾವಾ ಹರಿವುಗಳ ನಡುವೆ ಸುಣ್ಣಕಲ್ಲಿನ ತೆಳು ಪಟ್ಟಿಯೊಂದಿದೆ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಎಲ್. ರಾಮರಾಯರ ಬಳಗದವರಾಗಿದ್ದ ಎಸ್. ಆರ್. ನಾರಾಯಣರಾವ್ ಮತ್ತು ಕೆ. ಶ್ರೀಪಾದರಾವ್ ಆ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಡಿಯಲ್ಲಿಟ್ಟರು. ಅದರಲ್ಲಿ ಪಾಚಿಗಳಿದ್ದವು! 1937ರಲ್ಲಿ ವಿಯನ್ನಾದ ಯೂಲಿಯಸ್ ಪಿಯಾ ಅವರೊಡನೆ ಕಡಲ ಪಾಚಿಗಳನ್ನೂ, 1939ರಲ್ಲಿ ‘ಕೇರ’ ಎಂಬ ಕೊಳದ ಪಾಚಿಯ ಬಳಗವನ್ನೂ ಅವರು ವರ್ಣಿಸಿದರು. ಸುಣ್ಣಗಟ್ಟಿದ ಕೇರದ ಬೀಜಕೋಶ ಎಳ್ಳಿಗಿಂತ ಚಿಕ್ಕದು; ಮೈಮೇಲೆ ತಿರುಪಿನ ಗೆರೆಗಳು. ಇವು ಈಯೋಸೀನ್ ಕಾಲದವೆಂದೂ, ಆದುದರಿಂದ ಲಾವಾ ಟರ್ಷಿಯರಿಯದೆಂದೂ ಅವರ ತೀರ್ಪು.

ರಾಜಮಹೇಂದ್ರಿಯಿಂದ ಕಡಲ ಕಡೆಗೆ ಇದೇ ಲಾವಾ ಗೋದಾವರಿಯ ಮೆಕ್ಕಲು ಬಯಲಿನ ಕೆಳಗೆ ಇಳಿದು ಮರೆಯಾಗುತ್ತದೆ. ಅಲ್ಲಿ ತೈಲಕ್ಕಾಗಿ ಓಎನ್‌ಜಿಸಿ ಕೊರೆದ ಬಾವಿಗಳಿಂದ ಬಂಡೆ ನುಚ್ಚಾಗಿ, ಕೆಸರಿನೊಡನೆ ಮೇಲೆ ಬರುತ್ತದೆ. ಶಂಖ, ಕಪ್ಪೆಚಿಪ್ಪುಗಳು ಕೊರೆಯುವ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತವೆ. ಮರಳಿನ ಕಣದಷ್ಟಿರುವ ಫೊರಾಮಿನಿಫೆರದ ಚಿಪ್ಪುಗಳು ಮಾತ್ರ ನುಚ್ಚಿನೊಳಗೆ ಇಡಿಯಾಗಿ ಉಳಿದು ಬರುತ್ತವೆ. ಈ ಏಕಕೋಶ ಜೀವಿಗಳಲ್ಲಿ ಕೆಲವು ತೇಲುತ್ತ ಸಾಗರಗಳನ್ನೆಲ್ಲ ವ್ಯಾಪಿಸಿದವು, ಬೇಗ ಬೇಗ ರೂಪ ಬದಲಿಸಿದವು. ಎರಡು ಬಾವಿಗಳಲ್ಲಿ ಅದೇ ಪ್ರಭೇದಗಳು ಅದೇ ಕ್ರಮದಲ್ಲಿ ಕಂಡರೆ ಪದರಗಳು ಸಮಕಾಲೀನವೆಂದು ಧೈರ್ಯವಾಗಿ ಹೇಳಬಹುದು. ಒಂದು ಎಚ್ಚರ ಬೇಕು. ಬಾವಿಯ ಗೋಡೆಯಿಂದ ಮೇಲಿನ ಪದರದ ಚೂರುಗಳು ಜಾರಿ ಕೆಳಗಿನ ನುಚ್ಚಿನಲ್ಲಿ ಬೆರೆಯುತ್ತವೆ. ಹೊಸದು ಹಳೆಯದರೊಳಗೆ ಬೀಳಬಹುದಲ್ಲದೆ ಹಳೆಯದು ಹೊಸದಕ್ಕೆ ಏರಲಾರದು. ಆದಕಾರಣ ಇಳಿಯುತ್ತ ಹೋದಂತೆ ಒಂದು ಪ್ರಭೇದ ಮೊಟ್ಟಮೊದಲು ಎಲ್ಲಿ ಕಣ್ಣಿಗೆ ಬಿತ್ತೆಂಬುದನ್ನೇ ನಂಬುತ್ತಾರೆ. ಇಳಿಯುವವನಿಗೆ ಮೊದಲು ಕಂಡದ್ದು ಆ ಜೀವಿಯ ಕೊನೆಯ ದಿನ. ಪುಸ್ತಕವನ್ನು ಹಿಂದಿನಿಂದ ಓದುವ ಈ ಕ್ರಮ ನನಗೆ ಒಗ್ಗಲು ಬಹಳ ಕಾಲ ಹಿಡಿಯಿತು.

2008ರಲ್ಲಿ ಪ್ರಿನ್ಸ್‌ಟನ್ನಿನ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ರಾಜಮಹೇಂದ್ರಿಯ ಅದೇ ನಡುಪಟ್ಟಿಯ ಫೊರಾಮಿನಿಫೆರಗಳನ್ನು ಪರೀಕ್ಷಿಸಿ, ಅದು ಕ್ರಿಟೇಷಿಯಸ್ ಮುಗಿದೊಡನೆ ನಿಂತ ಪದರವೆಂದು ತೋರಿಸಿದರು. ಮುಂದೆ ಓಎನ್‌ಜಿಸಿ ಬಾವಿಗಳ ಮಾದರಿಗಳನ್ನೂ ಹೀಗೆಯೇ ಓದಲಾಯಿತು. ಕೆಳಗಿನ ಲಾವಾ ಕ್ರಿಟೇಷಿಯಸ್ಸಿನ ಕೊನೆಯದು, ಮೇಲಿನದು ಅದರ ನಂತರದ್ದು. ಇಂದಿನ ಲೆಕ್ಕದಲ್ಲಿ ಆ ಎಲ್ಲೆ 6 ಕೋಟಿ 60 ಲಕ್ಷ ವರ್ಷಗಳ ಹಿಂದಿನದು. ಈಯೋಸೀನ್ ಶುರುವಾದದ್ದು 5 ಕೋಟಿ 60 ಲಕ್ಷದ ಸುಮಾರಿಗೆ. ಬೆಂಗಳೂರಿನವರ ಗುರಿ ಕೋಟಿ ವರ್ಷ ಈಚೆಗೆ ತಪ್ಪಿತ್ತು. ಒಂದು ಪಟ್ಟಿಯ ಸಾಕ್ಷ್ಯವನ್ನು ದಖನ್ನಿನ ಎಲ್ಲ ಲಾವಾಕ್ಕೂ ಹಚ್ಚಿದ್ದು ಅವಸರವೇ ಸರಿ. ಆದರೆ ಆ ಪಟ್ಟಿ ಕ್ರಿಟೇಷಿಯಸ್ಸಿನದಲ್ಲ ಎಂದು ಅವರು ಹಿಡಿದ ಹಟ ನಿಂತಿತು. ಅದನ್ನು ಅವರಿಗೆ ಹೇಳಿದ್ದು ಎಳ್ಳಿಗಿಂತ ಚಿಕ್ಕ ಪಾಚಿಯ ಕಾಳು.