ಹಾವು ಸಾಕೋ ಆಸೆನಾ? ಮೊದಲು ಇಷ್ಟು ತಿಳ್ಕೊಳ್ಳಿ

ಮಂಡ್ಯ: ಕಬ್ಬಿನ ಗದ್ದೆ, ಆಲೆಮನೆ ಇರೋ ಕಡೆ ಇಲಿ, ಇಲಿ ಇರೋ ಕಡೆ ಹಾವು. ಮದ್ದೂರು, ಮಳವಳ್ಳಿಯವರಿಗೆ ಇದು ಹೊಸದೇನಲ್ಲ. ಆದರೆ ಗದ್ದೆಯಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನು ಡಬ್ಬಿಗೆ ಹಾಕಿ ಸಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಹಿಡಿಯುವುದೇ ಅಪರಾಧ. ಹೆಬ್ಬಾವು, ನಾಗರಹಾವು ಮೊದಲ ಪಟ್ಟಿಯಲ್ಲಿವೆ. ಸಾಬೀತಾದರೆ ಕನಿಷ್ಠ 3 ವರ್ಷ ಜೈಲು, 25 ಸಾವಿರ ರೂ. ದಂಡ.

ವಿದೇಶಿ ಹಾವಾದರೆ: ಬಾಲ್ ಪೈಥಾನ್‌ನಂಥವನ್ನು ಸಾಕಲು ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ದಾಖಲೆ ಇಲ್ಲದೆ ಮಾರೋರ ಹತ್ರ ತಗೋಬೇಡಿ.

ಮನೆಗೆ ತಂದ ಮೇಲೆ: ಮೊದಲ ಒಂದು ವಾರ ಮುಟ್ಟಬೇಡಿ. ಪೆಟ್ಟಿಗೆಗೆ ಬಿಗಿ ಮುಚ್ಚಳ, ಅಡಗಲು ಗೂಡು, ನೀರು ಇರಲಿ. ಒಂದು ಬದಿ 31-32 ಡಿಗ್ರಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಎತ್ತುವಾಗ ತಲೆ ಮೇಲಿಂದ ಕೈ ಹಾಕದೆ, ಪಕ್ಕದಿಂದ ನಡುಭಾಗಕ್ಕೆ ಎರಡೂ ಕೈ ಆಸರೆ ಕೊಡಿ. ತಿಂದ ಮೇಲೆ ಎರಡು ದಿನ, ಪೊರೆ ಬಿಡುವಾಗ ಪೂರ್ತಿ, ಅದರ ಪಾಡಿಗೆ ಬಿಡಿ. ಮುಟ್ಟಿದ ಮೇಲೆ ಕೈ ಸೋಪಿನಲ್ಲಿ ತೊಳೀರಿ.

ಅಂಗಡಿಗೆ ಹಾವು ನುಗ್ಗಿದರೆ: ಹೊಡೀಬೇಡಿ, ಹಿಡಿಯೋಕೂ ಹೋಗ್ಬೇಡಿ. ದೂರ ನಿಂತು ಕಣ್ಣಿಟ್ಟು, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕಚ್ಚಿದರೆ: ಹಗ್ಗ ಕಟ್ಟೋದು, ಕುಯ್ಯೋದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗಿಸದೆ 108 ಕರೆದು ತಕ್ಷಣ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಮದ್ದು ಅಲ್ಲಿರೋ ಇಂಜೆಕ್ಷನ್ ಒಂದೇ.